‘ಚೆನ್ನಾಗೇ ಇದಾನಲ್ಲ!’ ಅನ್ನಬೇಡಿ

ಹೋದ ತಿಂಗಳು ನೆಂಟರ ಮದುವೆಯಲ್ಲಿ ನನ್ನ ಅಣ್ಣ ಊಟದ ಪಂಕ್ತಿಯಿಂದ ಅರ್ಧಕ್ಕೇ ಎದ್ದು ಹೋದ. ಎಲೆಯ ಮೇಲೆ ಹೋಳಿಗೆ ಹಾಗೇ ಇತ್ತು. ಒಂದು ಕಡೆ ವಾಲಗ, ಇನ್ನೊಂದು ಕಡೆ ಸ್ಪೀಕರ್‌ನಲ್ಲಿ ಹಾಡು, ನಡುವೆ ‘ಪಲ್ಯ ಪಲ್ಯ, ಸಾರು ಸಾರು’ ಎಂದು ಬಡಿಸುವವರ ಕೂಗು. ಎದುರು ಸಾಲಿನಲ್ಲಿ ಕೂತಿದ್ದ ದೂರದ ಮಾವ ಒಬ್ಬರು, ‘ಅನ್ನ ಬಿಟ್ಟು ಎದ್ದು ಹೋಗೋ ಅಷ್ಟು ಕೊಬ್ಬಾ? ಆಕ್ಸಿಡೆಂಟ್ ಆಗಿ ಎಷ್ಟು ದಿನ ಆಯ್ತು, ಕೈ ಕಾಲು ಎಲ್ಲ ಚೆನ್ನಾಗೇ ಇದಾವಲ್ಲ’ ಅಂದರು. ಪಕ್ಕದವರು ತಲೆ ಆಡಿಸಿದರು.

ಕೈ ಕಾಲು ಚೆನ್ನಾಗೇ ಇವೆ. ನಮ್ಮ ಮನೆಯ ಕಷ್ಟ ಇರುವುದೇ ಅಲ್ಲಿ. ಕಾಲು ಮುರಿದಿದ್ದರೆ ಬ್ಯಾಂಡೇಜ್ ಕಾಣುತ್ತಿತ್ತು, ಜನ ಕುರ್ಚಿ ಎಳೆದು ಕೂರಿಸುತ್ತಿದ್ದರು. ಪೆಟ್ಟು ಬಿದ್ದದ್ದು ಮೆದುಳಿಗೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೂರು ವರ್ಷದ ಹಿಂದಿನ ಮಾತು. ನಾನಾಗ ಸೆಕೆಂಡ್ ಪಿಯುಸಿ. ಅಣ್ಣ ಡಿಪ್ಲೊಮಾ ಮುಗಿಸಿ ತುಮಕೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಮಷೀನ್ ನೋಡಿಕೊಳ್ಳುತ್ತಿದ್ದ. ಶನಿವಾರ ಶಿಫ್ಟ್ ಮುಗಿಸಿ ಬೈಕಿನಲ್ಲಿ ತಿಪಟೂರು ದಾಟಿ ನಮ್ಮ ಊರಿಗೆ ಬರುತ್ತಿದ್ದ. ರಾತ್ರಿ ಒಂಬತ್ತೂವರೆ. ಊರಿಗೆ ಇನ್ನು ನಾಲ್ಕು ಕಿಲೋಮೀಟರ್. ವಾರದ ಹಿಂದೆಯಷ್ಟೇ ಹಾಕಿದ್ದ ಹೊಸ ಹಂಪ್. ಅದಕ್ಕೆ ಬಿಳಿ ಪಟ್ಟಿ ಬಳಿದಿರಲಿಲ್ಲ, ಬೋರ್ಡ್ ಕೂಡ ಇರಲಿಲ್ಲ. ಹೈವೇಯಲ್ಲಿ ತಲೆಗಿದ್ದ ಹೆಲ್ಮೆಟ್ಟನ್ನು ಅಣ್ಣ ಊರ ದಾರಿ ಬಂತೆಂದು ತೆಗೆದು ಮಿರರ್‌ಗೆ ನೇತುಹಾಕಿದ್ದ. ‘ಈ ಕಡೆ ಪೊಲೀಸ್ ಇರಲ್ಲ’ ಎನ್ನುವುದು ನಮ್ಮೂರಿನ ಎಲ್ಲರ ಲೆಕ್ಕ. ಅವನದೂ ಅದೇ.

ಟೆಂಪೊದಲ್ಲಿ ಬರುತ್ತಿದ್ದ ಇಬ್ಬರು ಹುಡುಗರು ನೋಡಿ 108ಕ್ಕೆ ಫೋನ್ ಮಾಡಿದ್ದಾರೆ. ಅವರು ಯಾರೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಎತ್ತಿ ಕೂರಿಸಿಲ್ಲ, ಬಾಯಿಗೆ ನೀರು ಬಿಟ್ಟಿಲ್ಲ, ಕುತ್ತಿಗೆ ಅಲುಗಾಡದಂತೆ ಹಿಡಿದುಕೊಂಡು ಆಂಬುಲೆನ್ಸ್ ಬರುವವರೆಗೂ ಕಾದಿದ್ದಾರೆ. ಮುಂದೆ ಡಾಕ್ಟರೊಬ್ಬರು, ‘ಅಷ್ಟು ಮಾಡಿದ್ದೇ ದೊಡ್ಡದು’ ಅಂದಾಗ ಅಮ್ಮ ಯಾವ ದಿಕ್ಕಿಗೆಂದು ಗೊತ್ತಿಲ್ಲದೆ ಕೈ ಮುಗಿದರು. ಪೊಲೀಸು, ಕೋರ್ಟು ಎಂದು ಹೆದರಿ ಮುಂದೆ ಹೋಗುವವರೇ ಹೆಚ್ಚು. ನಿಜ ಹೇಳಬೇಕೆಂದರೆ ಹೀಗೆ ನೆರವಾದವರ ಬೆನ್ನಿಗೆ ಕಾನೂನೇ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮಿನ ಪ್ರಕಾರ, ಒಳ್ಳೆಯ ಉದ್ದೇಶದಿಂದ ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಅವರ ಹೆಸರು ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ.

ಬೆಂಗಳೂರಿನ ಆಸ್ಪತ್ರೆಯ ಚೀಟಿಯಲ್ಲಿ ‘ಜಿಸಿಎಸ್ 9/15’ ಎಂದು ಬರೆದಿತ್ತು. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು, ‘ನೀನು ಸೈನ್ಸ್ ಅಲ್ವೇನಮ್ಮ, ಏನಿದು?’ ಅಂದರು. ಹದಿನೈದಕ್ಕೆ ಒಂಬತ್ತು ಅಂದರೆ ಅರವತ್ತು ಪರ್ಸೆಂಟ್, ಫಸ್ಟ್ ಕ್ಲಾಸ್! ‘ಪರವಾಗಿಲ್ಲ ಅಪ್ಪ, ಪಾಸ್’ ಅಂದೆ. ಅದರ ಹೆಸರು ಗ್ಲಾಸ್ಗೋ ಕೋಮಾ ಸ್ಕೇಲ್. ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಎಂಬ ಇಬ್ಬರು ವೈದ್ಯರು 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ರೂಪಿಸಿದ್ದು. ಕಣ್ಣು ತೆರೆಯುವುದಕ್ಕೆ ನಾಲ್ಕು, ಮಾತಿಗೆ ಐದು, ಕೈಕಾಲಿನ ಚಲನೆಗೆ ಆರು ಅಂಕ. ಯಾವುದಕ್ಕೂ ಸ್ಪಂದಿಸದೆ ಮಲಗಿದವರಿಗೂ ಇದರಲ್ಲಿ ಮೂರು ಅಂಕ ಸಿಗುತ್ತದೆ, ಸೊನ್ನೆಯೇ ಇಲ್ಲ. 13ರಿಂದ 15 ಇದ್ದರೆ ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, ಎಂಟು ಮತ್ತು ಅದಕ್ಕಿಂತ ಕಡಿಮೆಯಾದರೆ ತೀವ್ರ. ಅಣ್ಣ ತೀವ್ರದ ಅಂಚಿನಲ್ಲಿದ್ದ. ನಾನು ಅಪ್ಪನಿಗೆ ಫಸ್ಟ್ ಕ್ಲಾಸ್ ಎಂದು ಹೇಳಿದ್ದೆ.

ಇಪ್ಪತ್ತಾರು ದಿನಕ್ಕೆ ಅಣ್ಣ ಮನೆಗೆ ಬಂದ. ಊರೆಲ್ಲ ಬಂತು ನೋಡಲು. ಸೇಬು, ಬ್ರೆಡ್ಡು, ಹಾರ್ಲಿಕ್ಸ್ ಬಾಟಲಿ. ಬಂದವರೆಲ್ಲ ಮಂಚದ ಹತ್ತಿರ ಬಗ್ಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ನಾನ್ಯಾರು ಹೇಳು ನೋಡೋಣ?’ ಗೊತ್ತಾದರೆ ‘ಜ್ಞಾಪಕ ಇದೆ, ಸರಿಹೋಗ್ತಾನೆ’. ಹೆಸರು ಬರದೆ ತಡವರಿಸಿದರೆ ಅವನ ಎದುರೇ ‘ಅಯ್ಯೋ ಪಾಪ’. ದಿನಕ್ಕೆ ಹದಿನೈದು ಜನರ ಹತ್ತಿರ ವೈವಾ ಕೊಟ್ಟ ಹಾಗೆ. ಒಂದು ವೈವಾಕ್ಕೇ ನಮಗೆ ಕೈ ನಡುಗುತ್ತದೆ. ದಯವಿಟ್ಟು ಯಾರನ್ನೂ ಹೀಗೆ ಕೇಳಬೇಡಿ. ‘ನಾನು ಕೆಳಗಿನ ಮನೆ ಶಿವಣ್ಣ, ನೋಡ್ಕೊಂಡು ಹೋಗೋಣ ಅಂತ ಬಂದೆ’ ಎಂದು ನೀವೇ ಹೇಳಿಬಿಡಿ. ಐದು ನಿಮಿಷ ಕೂತು ಎದ್ದುಬಿಡಿ.

ಮೂರು ತಿಂಗಳಿಗೆ ನಡಿಗೆ ಸರಿಯಾಯಿತು, ತಲೆಯ ಹೊಲಿಗೆಯ ಮೇಲೆ ಕೂದಲು ಬಂತು. ಸರಿಹೋದ ಎಂದುಕೊಂಡೆವು. ಆಮೇಲೆ ಒಂದೊಂದೇ ಕಾಣತೊಡಗಿತು. ಹಾಲು ತರಲು ಹೋದವನು ಬರಿಗೈಲಿ ಬಂದು ನಿಲ್ಲುತ್ತಿದ್ದ. ಸ್ನಾನಕ್ಕೆ ಎರಡು ಸಲ ಹೋಗುತ್ತಿದ್ದ. ಎಂದೂ ದನಿ ಏರಿಸದವನು ಮಿಕ್ಸಿ ಶಬ್ದಕ್ಕೆ ಅಮ್ಮನ ಮೇಲೆ ಕಿರುಚಿದ, ಕಿರುಚಿದ್ದಕ್ಕೆ ಸಂಜೆಯವರೆಗೆ ಅತ್ತ. ಬೆಳಿಗ್ಗೆ ಹತ್ತಕ್ಕೆ ಎದ್ದು ಹನ್ನೆರಡಕ್ಕೆ ಮತ್ತೆ ಮಲಗುತ್ತಿದ್ದ. ಅಪ್ಪ ‘ಸೋಮಾರಿ’ ಅಂದರು. ನಾನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡೆ. ಫಾಲೋಅಪ್‌ಗೆ ಹೋದಾಗ ಡಾಕ್ಟರು ಹೇಳಿದ ಮೇಲಷ್ಟೇ ತಿಳಿದದ್ದು: ಗಾಯಗೊಂಡ ಮೆದುಳಿಗೆ ನಮಗೆ ಸುಲಭ ಅನ್ನಿಸುವ ಕೆಲಸಕ್ಕೂ ಹೆಚ್ಚು ಶಕ್ತಿ ಬೇಕು, ಅದಕ್ಕೇ ಆ ದಣಿವು. ಸಿಟ್ಟಿಗೆ ಬ್ರೇಕ್ ಹಾಕುವುದು, ಮುಂದಿನದನ್ನು ಯೋಜಿಸುವುದು ಹಣೆಯ ಹಿಂದಿನ ಭಾಗದ ಕೆಲಸ. ಅಣ್ಣನಿಗೆ ಪೆಟ್ಟು ಬಿದ್ದದ್ದು ಅಲ್ಲೇ.

ಇದು ಇವತ್ತಿನ ಸಮಸ್ಯೆಯೂ ಅಲ್ಲ, ನಮ್ಮೊಬ್ಬರದೂ ಅಲ್ಲ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ಫಿನಿಯಸ್ ಗೇಜ್ ಎಂಬ 25ರ ಯುವಕ ರೈಲ್ವೆ ಹಳಿಗಾಗಿ ಬಂಡೆ ಸಿಡಿಸುವ ಕೆಲಸದಲ್ಲಿದ್ದ. ಮದ್ದು ಸಿಡಿದು, ಮೂರೂವರೆ ಅಡಿಗಿಂತ ಉದ್ದದ, ಆರು ಕಿಲೋ ತೂಕದ ಕಬ್ಬಿಣದ ಸರಳು ಅವನ ಎಡಗೆನ್ನೆಯ ಕಡೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಆಸಾಮಿ ಬದುಕಿಕೊಂಡ! ಆದರೆ ಮೊದಲಿನ ಶಾಂತ, ಅಚ್ಚುಕಟ್ಟು ಮೇಸ್ತ್ರಿ ಮರಳಲಿಲ್ಲ. ಗೆಳೆಯರಿಗೆ ಅವನು ಹಳೆಯ ಗೇಜ್ ಅನ್ನಿಸಲಿಲ್ಲ ಎಂದು ಅವನಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಹಾರ್ಲೋ ಬರೆದಿಟ್ಟಿದ್ದಾರೆ. ಹಳೆಯ ಕೆಲಸ ಮತ್ತೆ ಸಿಗಲಿಲ್ಲ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾದದ್ದು ಹೆಚ್ಚು ಜನ ಹೇಳದ ಭಾಗ. ಅದೇ ಗೇಜ್ ಮುಂದೆ ಚಿಲಿ ದೇಶಕ್ಕೆ ಹೋಗಿ ಕೆಲವು ವರ್ಷ ಕುದುರೆ ಕೋಚ್ ಓಡಿಸಿದ. ದಿನಾ ಅದೇ ಸಮಯ, ಅದೇ ದಾರಿ, ಅದೇ ಕೆಲಸ. ಬಹುಶಃ ಆ ದಿನಚರಿಯೇ ಅವನನ್ನು ಹಿಡಿದು ನಿಲ್ಲಿಸಿತು ಎನ್ನುವ ಸಂಶೋಧಕರಿದ್ದಾರೆ. ನಮ್ಮ ಮನೆಯನ್ನು ನೋಡಿದ ಮೇಲೆ ನಾನೂ ಅದನ್ನು ನಂಬುತ್ತೇನೆ.

ಈಗ ಸ್ವಲ್ಪ ನನ್ನ ಸಬ್ಜೆಕ್ಟ್. ನಾನು ಮೆಕ್ಯಾನಿಕಲ್. ‘ನಿಧಾನ ಹೋಗ್ತೀನಿ, ಹೆಲ್ಮೆಟ್ ಯಾಕೆ?’ ಎನ್ನುವ ಗೆಳೆಯರಿಗಾಗಿ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಬೈಕ್ ಓಡುವುದೇ ಬೇಡ, ನಿಂತಿರಲಿ. ಒಂದೂವರೆ ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬಿದ್ದರೆ, 2 ಗುಣಿಸು 9.8 ಗುಣಿಸು 1.5, ಅದರ ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 5.4 ಮೀಟರ್. ಅಂದರೆ ಗಂಟೆಗೆ ಹತ್ತೊಂಬತ್ತು ಕಿಲೋಮೀಟರ್ ದಾಟುವ ವೇಗ, ಬರೀ ಬಿದ್ದದ್ದಕ್ಕೆ. ಬರಿತಲೆ ರಸ್ತೆಗೆ ಬಡಿದು ಐದು ಮಿಲಿಮೀಟರ್‌ನಲ್ಲಿ ನಿಂತಿತು ಎಂದಿಟ್ಟುಕೊಳ್ಳಿ, ಅದರ ಮೇಲಿನ ಹೊಡೆತ ಗುರುತ್ವಾಕರ್ಷಣೆಯ ಮುನ್ನೂರು ಪಟ್ಟು. ಹೆಲ್ಮೆಟ್ ಒಳಗಿನ ಥರ್ಮೊಕೋಲ್ ಪದರ ಕುಸಿದು ಆ ಐದನ್ನು ಇಪ್ಪತ್ತೈದು ಮಿಲಿಮೀಟರ್ ಮಾಡಿದರೆ, ಹೊಡೆತ ಅರವತ್ತು ಪಟ್ಟಿಗೆ ಇಳಿಯುತ್ತದೆ. ಹೆಲ್ಮೆಟ್ ಮಾಡುವುದು ಇಷ್ಟೇ, ಎರಡು ಸೆಂಟಿಮೀಟರ್ ಜಾಗ ಕೊಡುತ್ತದೆ. ಆ ಪದರ ಕುಸಿಯುವುದು ಒಂದೇ ಸಲ. ಹಾಗಾಗಿ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮೇಲೆ ಗೀರಿಲ್ಲದಿದ್ದರೂ ಬದಲಿಸಬೇಕು. ಇನ್ನೂರು ರೂಪಾಯಿಗೆ ಫುಟ್‌ಪಾತ್‌ನಲ್ಲಿ ಸಿಗುವ ಟೋಪಿಯಲ್ಲಿ ಈ ಪದರವೇ ಸರಿಯಾಗಿರುವುದಿಲ್ಲ. ಐಎಸ್‌ಐ ಗುರುತು, ಜೊತೆಗೆ ಐಎಸ್ 4151 ಎಂಬ ಸಂಖ್ಯೆ ಇದೆಯಾ ನೋಡಿ. ಪಟ್ಟಿ ಕಟ್ಟದಿದ್ದರೆ ತಲೆಗಿಂತ ಮೊದಲು ಹೆಲ್ಮೆಟ್ಟೇ ಹಾರಿಹೋಗುತ್ತದೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಹೆಲ್ಮೆಟ್ ಧರಿಸದೆ ಸತ್ತವರೇ 50,029, ಅವರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಂದೆ ಕೂತವರು. ನಟ ಸಂಚಾರಿ ವಿಜಯ್ ನೆನಪಿದ್ದಾರಲ್ಲ? 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತದಲ್ಲಿ ಮೆದುಳಿಗೆ ಪೆಟ್ಟು ಬಿದ್ದು ಹೋದರು. ಅವರು ಕೂತಿದ್ದದ್ದೂ ಹಿಂದಿನ ಸೀಟಿನಲ್ಲೇ. ಆ ವಾರವೆಲ್ಲ ನಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಅವರ ಫೋಟೊ ಇತ್ತು. ಹೆಲ್ಮೆಟ್ ಮಾತ್ರ ಮಿರರ್‌ನಲ್ಲೇ ಇತ್ತು. ಅದೇ ವರ್ಷ ದೇಶದಲ್ಲಿ ಗಾಯಗೊಂಡು ಉಳಿದವರು 4,43,366 ಅಲ್ಲವೇ ಎಂದು ಯಾರಾದರೂ ಕೇಳಿದರೆ, ಅದು 2022ರ ಲೆಕ್ಕ ಎಂದು ತಿದ್ದುತ್ತೇನೆ. ಈ ಅಂಕಿಗಳು ನನಗೆ ಅಷ್ಟು ಬಾಯಿಪಾಠ. ಸತ್ತವರ ಬಗ್ಗೆ ಪತ್ರಿಕೆಗಳಲ್ಲಿ ಬರುತ್ತದೆ. ಬದುಕಿ ಮನೆಗೆ ಬಂದವರ ಬಗ್ಗೆ ಬರುವುದಿಲ್ಲ.

ಮನೆಗೆ ಬಂದವನ ಜೊತೆ ಬದುಕುವುದನ್ನು ನಾವು ಬಿದ್ದೂ ಎದ್ದೂ ಕಲಿತೆವು. ಮೊದಲು ಬಂದದ್ದು ಒಂದು ಪುಸ್ತಕ, ನೂರು ಪುಟದ ಲಾಂಗ್ ನೋಟ್‌ಬುಕ್. ಆಸ್ಪತ್ರೆಯ ಥೆರಪಿಸ್ಟ್ ಹೇಳಿದ್ದರು, ‘ನೆನಪಿಟ್ಟುಕೋ ಅನ್ನಬೇಡಿ, ಬರೆದುಕೋ ಅನ್ನಿ’. ಮಾತ್ರೆ ನುಂಗಿದ್ದು, ಯಾರಿಗೆ ಫೋನ್ ಮಾಡಿದ್ದು, ಹಾಲಿನ ದುಡ್ಡು ಕೊಟ್ಟದ್ದು ಎಲ್ಲ ಅದರಲ್ಲಿ. ಮಾತ್ರೆಗೆ ಫೋನಿನಲ್ಲಿ ಅಲಾರಂ. ಕನ್ನಡಕ, ಕೀ, ಪರ್ಸ್ ಇಡಲು ಬಾಗಿಲ ಪಕ್ಕ ಒಂದೇ ಜಾಗ. ಅಮ್ಮ ಮೊದಲು ‘ಅಂಗಡಿಗೆ ಹೋಗಿ ಬೇಳೆ ತಗೊಂಡು, ಬರ್ತಾ ಚಿಕ್ಕಪ್ಪನ ಮನೆಗೆ ಹೋಗಿ ಚೀಲ ಕೊಟ್ಟು, ಗ್ಯಾಸ್ ಬುಕ್ ಮಾಡು’ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದರು. ಈಗ ‘ಬೇಳೆ ತಗೊಂಡು ಬಾ’. ಅದು ಆದ ಮೇಲೆ ಇನ್ನೊಂದು. ಅವನು ಮಾತಿಗೆ ತಡವರಿಸಿದರೆ ನಾವು ವಾಕ್ಯ ಮುಗಿಸಿಕೊಡುವುದಿಲ್ಲ, ಕಾಯುತ್ತೇವೆ. ಇದು ಹೇಳಿದಷ್ಟು ಸುಲಭವಲ್ಲ. ಹತ್ತು ಸೆಕೆಂಡ್ ಸುಮ್ಮನಿರುವುದು ಎಷ್ಟು ಕಷ್ಟ ಎಂದು ಪ್ರಯತ್ನಿಸಿ ನೋಡಿ. ಸಿಟ್ಟು ಬಂದಾಗ ವಾದ ಮಾಡುವುದಿಲ್ಲ, ಟಿ.ವಿ ಆರಿಸಿ ಹೊರಗೆ ಹೋಗುತ್ತೇವೆ. ಒಮ್ಮೆ ಫಿಟ್ಸ್ ಬಂತು, ತಲೆಗೆ ಪೆಟ್ಟಾದವರಲ್ಲಿ ಕೆಲವರಿಗೆ ತಿಂಗಳುಗಳ ನಂತರವೂ ಬರುತ್ತದಂತೆ. ಪಕ್ಕದ ಮನೆಯವರು ಕೈಗೆ ಕಬ್ಬಿಣದ ಕೀ ಕೊಡಲು ಓಡಿ ಬಂದರು. ಕೀ ಬೇಡ, ಬಾಯಿಗೆ ಚಮಚ ತುರುಕುವುದೂ ಬೇಡ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ಸುತ್ತಲಿನ ಗಟ್ಟಿ ಸಾಮಾನು ಸರಿಸಿ, ಗಡಿಯಾರ ನೋಡುತ್ತಿರಿ. ಐದು ನಿಮಿಷ ಮೀರಿದರೆ ಆಂಬುಲೆನ್ಸ್.

ನಮ್ಮ ರಾಜ್ಯದಲ್ಲಿ ಇದಕ್ಕೆ ಒಳ್ಳೆಯ ಜಾಗಗಳಿವೆ, ಹಳ್ಳಿಗಳಿಗೆ ಗೊತ್ತಿಲ್ಲ ಅಷ್ಟೇ. ಬೆಂಗಳೂರಿನ ನಿಮ್ಹಾನ್ಸ್ ಎಂದರೆ ನಮ್ಮ ಕಡೆ ಇನ್ನೂ ‘ಹುಚ್ಚಾಸ್ಪತ್ರೆ’ ಅನ್ನುತ್ತಾರೆ. ಅಲ್ಲಿ ನರಶಸ್ತ್ರಚಿಕಿತ್ಸೆ ಇದೆ, ನರರೋಗಿಗಳ ಪುನಶ್ಚೇತನಕ್ಕೆಂದೇ ವಿಭಾಗವಿದೆ, ನೆನಪು ಮತ್ತು ಗಮನಕ್ಕೆ ತರಬೇತಿ ಕೊಡುವ ಮನಃಶಾಸ್ತ್ರಜ್ಞರಿದ್ದಾರೆ. ಪೆಟ್ಟಿನಿಂದ ಮಾತು ಹೋದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ರೋಗಿಗಿಂತ ನೋಡಿಕೊಳ್ಳುವವರೇ ಕುಸಿದಾಗ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅಮ್ಮ ಒಂದು ರಾತ್ರಿ ಮಾಡಿದ್ದರು. ಏನು ಮಾತಾಡಿದರೆಂದು ನಾನು ಕೇಳಿಲ್ಲ.

ಕೆಲಸದ ವಿಷಯ ಕಹಿ. ಆರು ತಿಂಗಳ ಮೇಲೆ ಅಣ್ಣ ಕಾರ್ಖಾನೆಗೆ ಮರಳಿದ. ಹನ್ನೊಂದನೆಯ ದಿನ ‘ರೆಸ್ಟ್ ತಗೋ, ನಾವೇ ಕರೀತೀವಿ’ ಅಂದರು. ಕರೆಯಲಿಲ್ಲ. ಅವರನ್ನೂ ಪೂರ್ತಿ ದೂರಲಾರೆ, ಮಷೀನ್ ಮುಂದೆ ಗಮನ ತಪ್ಪಿದರೆ ಬೆರಳೇ ಹೋಗುತ್ತದೆ. ಸ್ಟೋರ್‌ನಲ್ಲೋ ಪ್ಯಾಕಿಂಗ್‌ನಲ್ಲೋ ಅರ್ಧ ದಿನದ ಕೆಲಸ ಕೊಟ್ಟು ನೋಡಬಹುದಿತ್ತಲ್ಲ ಎಂದು ಮಾತ್ರ ಅನ್ನಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ‘ಮೆದುಳಿನ ಪೆಟ್ಟು’ ಎಂಬ ಹೆಸರು ಅದರಲ್ಲಿ ಬೇರೆಯಾಗಿ ಇಲ್ಲ. ಪೆಟ್ಟಿನಿಂದ ಉಳಿದ ತೊಂದರೆ ಯಾವುದು, ಮಾತಿನದೋ ಚಲನೆಯದೋ ಮನಸ್ಸಿನದೋ, ಅದರ ಅಡಿಯಲ್ಲಿ ಪ್ರಮಾಣಪತ್ರ ಪಡೆಯಬೇಕು. ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರ್ಕಾರಿ ನೌಕರಿಯ ಮೀಸಲಾತಿಯಂಥ ಸೌಲಭ್ಯಗಳ ಬಾಗಿಲು. ಯುಡಿಐಡಿ ಕಾರ್ಡಿಗೆ ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ನಿಮ್ಮೂರಿನಲ್ಲಿ ಇಂಥ ಒಂದು ಮನೆ ಇದ್ದರೆ, ಕೆಲಸ ಹುಡುಕುತ್ತ ದಿನಾ ಲ್ಯಾಪ್‌ಟಾಪ್ ಮುಂದೆ ಕೂರುವ ನೀವು ಅರ್ಧ ಗಂಟೆ ಕೊಟ್ಟು ಆ ಅರ್ಜಿ ತುಂಬಿಕೊಡಿ. ಸೇಬಿಗಿಂತ ಅದು ಮೇಲು.

ಈಗ ಅಣ್ಣ ಸೋದರಮಾವನ ಕೊಬ್ಬರಿ ಗೋಡೌನ್‌ನಲ್ಲಿದ್ದಾನೆ. ಬೆಳಿಗ್ಗೆ ಎರಡೂವರೆ ಗಂಟೆ ಉಂಡೆ ಕೊಬ್ಬರಿಯನ್ನು ಗಾತ್ರ ನೋಡಿ ಬೇರೆ ಮಾಡುತ್ತಾನೆ. ದಿನಾ ಅದೇ ಮೂಲೆ, ಅದೇ ಮಣೆ. ಗೇಜ್‌ನ ಕುದುರೆ ಕೋಚ್ ಎಂದು ನಾನು ರೇಗಿಸುತ್ತೇನೆ.

ಹೋದ ವರ್ಷ ಅತ್ತೆಯೊಬ್ಬರು ಬಂದು, ‘ಒಂದು ಹೆಣ್ಣು ತಂದು ಕಟ್ಟಿ, ಜವಾಬ್ದಾರಿ ಬಿದ್ರೆ ತಾನೇ ಸರಿಹೋಗ್ತಾನೆ’ ಅಂದರು. ಹೆಣ್ಣಿನ ಕಡೆಯವರಿಗೆ ‘ಸಣ್ಣ ಆಕ್ಸಿಡೆಂಟ್’ ಎಂದು ಹೇಳುವುದೆಂದೂ ತೀರ್ಮಾನವಾಯಿತು. ಅಪ್ಪ ಒಪ್ಪಿಯೂ ಇದ್ದರು. ‘ಎಲ್ಲ ಹೇಳಿ ಮಾಡೋದಾದ್ರೆ ಮಾಡಿ, ಇಲ್ಲಾಂದ್ರೆ ನಾನೇ ಆ ಹುಡುಗಿಗೆ ಫೋನ್ ಮಾಡ್ತೀನಿ’ ಅಂದೆ. ‘ನಿನ್ನ ಮದುವೆಗೇ ಕಲ್ಲು ಹಾಕ್ಕೋತಿದೀಯ’ ಅಂದರು ಅತ್ತೆ. ಮೂಲೆಯಲ್ಲಿ ಕೂತಿದ್ದ ಅಣ್ಣ ನಿಧಾನವಾಗಿ, ‘ನಂಗೆ ಸಂತೆಗೆ ಹೋದ್ರೇ ತಲೆ ಸುತ್ತುತ್ತೆ. ಅದನ್ನ ಆ ಹುಡುಗಿಗೆ ಯಾರು ಹೇಳ್ತೀರ ಅತ್ತೆ?’ ಅಂದ. ಮಾತು ಅಲ್ಲಿಗೆ ನಿಂತಿತು. ಅತ್ತೆ ನನ್ನ ಜೊತೆ ಇನ್ನೂ ಮಾತಾಡುತ್ತಿಲ್ಲ.

ಮಾರ್ಚ್ 20 ವಿಶ್ವ ತಲೆಪೆಟ್ಟು ಜಾಗೃತಿ ದಿನ. ಈ ವರ್ಷ ಕಾಲೇಜಿನಲ್ಲಿ ಏನಾದರೂ ಮಾಡೋಣ ಅನ್ನಿಸಿತು. ಭಾಷಣ ಬೇಡ, ಅದಕ್ಕೆ ಹುಡುಗರು ಕ್ಯಾಂಟೀನ್‌ಗೆ ಓಡುತ್ತಾರೆ. ಪ್ಲೇಸ್‌ಮೆಂಟ್ ಸೀಸನ್ ಬೇರೆ. ಐದು ಜನ ಗೆಳೆಯರನ್ನು ಕೂರಿಸಿ ಆಪ್ಟಿಟ್ಯೂಡ್ ಪೇಪರ್ ಕೊಟ್ಟೆವು. ಎರಡು ಫೋನಿನಲ್ಲಿ ಬೇರೆ ಬೇರೆ ಹಾಡು, ಮುಖಕ್ಕೆ ಟಾರ್ಚು, ಹಿಂದೆ ನಿಂತು ಒಬ್ಬಳು ‘ಅಕ್ಕಿ, ಬೇಳೆ, ಹನ್ನೆರಡು ರೂಪಾಯಿ ಚಿಲ್ಲರೆ’ ಎಂದು ಹೇಳುತ್ತ ಹೋದಳು. ನಾಲ್ಕು ನಿಮಿಷಕ್ಕೆ ಕ್ಲಾಸಿನ ಟಾಪರ್ ಪೆನ್ನು ಎಸೆದು ‘ಸುಮ್ನಿರ್ರೇ!’ ಎಂದು ಕಿರುಚಿದ. ‘ನಮ್ಮಣ್ಣನಿಗೆ ದಿನಸಿ ಅಂಗಡಿ ಹೀಗೇ ಇರುತ್ತೆ’ ಅಂದೆ. ಆಮೇಲೆ ಯಾರೂ ನಗಲಿಲ್ಲ.

ಇದನ್ನೆಲ್ಲ ಬರೆದು ನಾನು ದೊಡ್ಡವಳಾದೆ ಎಂದುಕೊಳ್ಳಬೇಡಿ. ಫಸ್ಟ್ ಸೆಮಿಸ್ಟರ್‌ನಲ್ಲಿ ಅಣ್ಣ ಹಾಸ್ಟೆಲ್ಲಿಗೆ ಬಂದಿದ್ದ. ಎರಡು ಬಸ್ ಬದಲಿಸಿ, ಅಕ್ಕಿ ರೊಟ್ಟಿ ಡಬ್ಬಿ ಹಿಡಿದು, ಒಬ್ಬನೇ. ಅಪಘಾತದ ನಂತರ ಅವನು ಒಬ್ಬನೇ ಅಷ್ಟು ದೂರ ಬಂದದ್ದು ಅದೇ ಮೊದಲು. ಗೇಟಿನ ಹತ್ತಿರ ನನ್ನ ಗೆಳತಿಯರಿಗೆ ಒಂದೇ ಜೋಕನ್ನು ಮೂರು ಸಲ ಹೇಳಿ ಜೋರಾಗಿ ನಕ್ಕ. ‘ಯಾರೇ ಇದು?’ ಎಂದು ಒಬ್ಬಳು ಕೇಳಿದಳು. ‘ನಮ್ಮೂರಿನವರು’ ಅಂದೆ. ಅಣ್ಣ ಎರಡು ಹೆಜ್ಜೆ ದೂರದಲ್ಲಿದ್ದ. ಅವನ ನೋಟ್‌ಬುಕ್‌ನಲ್ಲಿ ಆ ದಿನದ ಪುಟ ಹುಡುಕಿ ನೋಡಿದ್ದೇನೆ. ‘ಪುಟ್ಟಿಗೆ ರೊಟ್ಟಿ ಕೊಟ್ಟೆ. 4.15ರ ಬಸ್’ ಎಂದಷ್ಟೇ ಇದೆ.

ಈ ಲೇಖನ ಕಳಿಸುವ ಮುಂಚೆ ಅವನಿಗೆ ಓದಿ ಹೇಳಬೇಕಲ್ಲ, ಅವನದೇ ಕತೆ. ನಿನ್ನೆ ಸಂಜೆ ಜಗಲಿಯಲ್ಲಿ ಕೂತು ಓದಿದೆ. ಹಂಪ್ ಬಂದಾಗ ‘ಹೆಲ್ಮೆಟ್ ಮಿರರ್‌ಗೆ ಹಾಕಿದ್ದೆ ಅಂತ ಬರೆದಿದೀಯ ತಾನೆ? ಅದನ್ನ ತೆಗೀಬೇಡ’ ಅಂದ. ಫಸ್ಟ್ ಕ್ಲಾಸ್ ವಿಷಯಕ್ಕೆ ನಕ್ಕ. ಗೇಜ್ ಕತೆ ಮುಗಿಯುವ ಹೊತ್ತಿಗೆ ಕಣ್ಣು ಎಳೆಯತೊಡಗಿತ್ತು. ‘ಸಾಕು ಪುಟ್ಟಿ, ಉಳಿದದ್ದು ನಾಳೆ ಓದು’ ಎಂದು ನೋಟ್‌ಬುಕ್ ತೆಗೆದು, ಮರೆಯದ ಹಾಗೆ ಬರೆದುಕೊಂಡು ಮಲಗಲು ಹೋದ.

ಹಾಸ್ಟೆಲ್ ಗೇಟಿನ ವಿಷಯ ಆ ಉಳಿದದ್ದರಲ್ಲಿದೆ.